ನಳಿಕೆಗೂ ಮರಕ್ಕೂ ನಡುವೆ

ಹತ್ತು ಗುಂಡು ಹಾರಿಸಿದರೂ ನನ್ನ ಗುರಿಹಲಗೆಯಲ್ಲಿ ಒಂದು ತೂತೂ ಬೀಳಲಿಲ್ಲ. ಪಕ್ಕದ ಚಾಪೆಯಲ್ಲಿ ಮಲಗಿ ಹತ್ತೇ ಗುಂಡು ಹಾರಿಸಿದ್ದ ನಿವೃತ್ತ ಮೇಷ್ಟರ ಹಲಗೆಯಲ್ಲಿ ಮಾತ್ರ ಹದಿನೇಳು ತೂತುಗಳಿದ್ದವು. ಮಿಕ್ಕ ಮೂರು ಎಲ್ಲಿಗೆ ಹೋದವೋ ಇವತ್ತಿಗೂ ಪತ್ತೆಯಿಲ್ಲ. ಮೇಷ್ಟರು ಕನ್ನಡಕ ಒರೆಸಿಕೊಂಡು ನನ್ನತ್ತ ನೋಡಿದ ರೀತಿಗೆ ನನಗೆ ಬೆಂಚಿನ ಮೇಲೆ ನಿಲ್ಲಬೇಕೆನಿಸಿತು. ಮಾನ ಉಳಿಸಿಕೊಳ್ಳಲು, "ಈ ರೈಫಲ್ಲೇ ಸರಿಯಿಲ್ಲ" ಎಂದುಬಿಟ್ಟೆ.

ರಿಪೇರಿ ಕೋಣೆಯಿಂದ ನಮ್ಮ ಅತ್ತಿಗೆ ಹೊರಗೆ ಬಂದರು. ಚಾಪೆಯ ಮೇಲೆ ಮಲಗಿ ಒಂದೇ ಗುಂಡು ಹಾರಿಸಿದರು. ನಟ್ಟನಡುವೆ ಬಿತ್ತು.

"ರೈಫಲ್ ಚೆನ್ನಾಗಿದೆ. ನೀನು ಊಟದ ಡಬ್ಬಿ ಕೊಡೋಕೆ ಬಂದಿದ್ದೆ ಅಲ್ವಾ ಮಹಾರಾಯ? ಅದನ್ನ ಕೊಟ್ಟು ಮನೆಗೆ ಹೋಗು."

ಈ ಅತ್ತಿಗೆ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದವರು. ಶೂಟಿಂಗ್ ಕ್ಲಬ್ಬಿನ ಹಳೇ ಮೆಕ್ಯಾನಿಕ್ಕು ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ, ಸಣ್ಣ ಸ್ಪ್ರಿಂಗು ಸಣ್ಣ ಸ್ಕ್ರೂಗಳ ಜೊತೆ ತಾಳ್ಮೆಯಿರುವವರು ಬೇಕು ಅಂತ ಕ್ಲಬ್ಬಿನವರು ಕರೆದರು. ಹದಿನಾಲ್ಕು ವರ್ಷವಾಯಿತು. ನಮ್ಮಣ್ಣ, ಬಸ್ ಡ್ರೈವರು, ಮನೆಯಲ್ಲಿ ದನಿ ಏರಿಸಿದ್ದನ್ನು ಆಮೇಲೆ ನಾನು ಕೇಳಿಲ್ಲ.

ಅವರ ಕೋಣೆಗೆ ಒಂದು ಕಿಟಕಿ, ಒಂದು ಉದ್ದ ಮೇಜು, ಎಣ್ಣೆಯ ವಾಸನೆ. ರೈಫಲ್ ಗುರಿ ತಪ್ಪುವುದಕ್ಕೆ ನೂರೆಂಟು ಕಾರಣ ಎನ್ನುತ್ತಾರೆ. ನಳಿಕೆಯ ಬಾಯಲ್ಲಿ ಉಗುರಿನಷ್ಟು ತರಚಿದ್ದರೂ ಗುಂಡು ಹೊರಬೀಳುವಾಗಲೇ ಓರೆಯಾಗುತ್ತದೆ. ಟ್ರಿಗರ್ ಬಿಗಿಯಾಗಿದ್ದರೆ ಎಳೆಯುವ ಬೆರಳು ಇಡೀ ರೈಫಲ್ಲನ್ನೇ ಎಳೆದುಬಿಡುತ್ತದೆ. ರೈಫಲ್ ಮೇಲಿನ ದುರ್ಬೀನಿನ ಒಂದು ಸ್ಕ್ರೂ ಸಡಿಲವಾದರೂ ಕಥೆ ಮುಗಿಯಿತು. ಆದರೂ ಅತ್ತಿಗೆ ರೈಫಲ್ ಮೇಲೆ ಸುಲಭವಾಗಿ ತಪ್ಪು ಹೊರಿಸುವವರಲ್ಲ. ಹೊರಿಸಿದರೆ ಅಪೀಲಿಲ್ಲ.

ಹೋದ ವರ್ಷದ ಮಾತು. ಕ್ಲಬ್ಬಿನಲ್ಲಿ ಒಬ್ಬ ನರ್ಸ್ ಇದ್ದಾಳೆ, ಎಲ್ಲರಿಗೂ 'ಸಿಸ್ಟರ್'. ಮುನ್ನೂರು ಮೀಟರಿನ ತಂಡಕ್ಕೆ ಸೇರಬೇಕೆಂದು ಆರು ವರ್ಷದಿಂದ ಡ್ಯೂಟಿ ಮುಗಿಸಿ ಬಂದು ಮಲಗಿ ಹೊಡೆಯುತ್ತಿದ್ದವಳು. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದ ಹದಿನೈದೇ ದಿನಕ್ಕೆ ಅವಳ ಗುಂಡುಗಳು ದಾರಿ ತಪ್ಪತೊಡಗಿದವು. ನಾನು ಎಂದಿನಂತೆ ಡಬ್ಬಿ ಹಿಡಿದು ಹೋದಾಗ ಕೋಚ್ ಸಾಹೇಬರು ಅತ್ತಿಗೆಯ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಸಿಸ್ಟರ್ ಅವರ ಹಿಂದೆ ತಲೆ ತಗ್ಗಿಸಿದ್ದಳು.

"ನರ ಸೋತಿದೆ ಅಮ್ಮಾ. ನಾಲ್ಕು ಗುಂಡು ಆಗ್ತಿದ್ದ ಹಾಗೆ ಕೈ ನಡುಗುತ್ತೆ. ನಾಳೆ ಬೆಳಿಗ್ಗೆ ಹತ್ತು ಗುಂಡು ಕೊಡ್ತೀನಿ. ನೂರಕ್ಕೆ ತೊಂಬತ್ತೈದು ಬರದಿದ್ರೆ ಹೆಸರು ಹೊಡೆದು ಹಾಕ್ತೀನಿ."

"ಸಿಸ್ಟರ್, ನಿನ್ನ ಪುಸ್ತಕ ಕೊಡು" ಎಂದರು ಅತ್ತಿಗೆ.

ಆಸ್ಪತ್ರೆಯ ಅಭ್ಯಾಸ ಸಿಸ್ಟರನ್ನು ಬಿಟ್ಟಿರಲಿಲ್ಲ. ಪ್ರತಿ ಗುಂಡು ಎಲ್ಲಿ ಬಿತ್ತೆಂದು ಅಲ್ಲೇ ಚುಕ್ಕೆಯಿಟ್ಟು ನಂಬರ್ ಹಾಕುತ್ತಿದ್ದಳು. ಅತ್ತಿಗೆ ಆರು ದಿನದ ಪುಟಗಳನ್ನು ತಿರುವಿದರು. ಎಲ್ಲ ಪುಟದಲ್ಲೂ ಮೊದಲ ನಾಲ್ಕು ನಡುವೆ. ಐದನೆಯದರಿಂದ ಒಂದೊಂದೂ ಮೇಲಕ್ಕೆ, ಬಲಕ್ಕೆ, ಮೆಟ್ಟಿಲು ಹತ್ತಿದ ಹಾಗೆ.

"ಸಾಹೇಬ್ರೇ, ನಡುಗೋ ಕೈ ನಾಲ್ಕೂ ದಿಕ್ಕಿಗೆ ಹೊಡೆಯುತ್ತೆ. ಇದು ದಿನಾ ಒಂದೇ ದಿಕ್ಕಿಗೆ ಹೋಗಿದೆ. ಇಷ್ಟು ಶಿಸ್ತಾಗಿ ನಡುಗೋಕೆ ಯಾರಿಗೂ ಬರಲ್ಲ."

"ನಾಳೆ ಪರೀಕ್ಷೆ ಇಟ್ಕೊಂಡು ಇವತ್ತು ರೈಫಲ್ ಬಿಚ್ಚಬೇಡಿ ಅಮ್ಮಾ. ಕೆಟ್ಟರೆ ಅವಳಿಗಿರೋ ಒಂದು ಅವಕಾಶವೂ ಹೋಗುತ್ತೆ."

ಅತ್ತಿಗೆ ಸಿಸ್ಟರ್ ಮುಖ ನೋಡಿದರು. ಅವಳು ರೈಫಲ್ಲನ್ನು ಮೇಜಿನ ಮೇಲಿಟ್ಟು, "ಬಿಚ್ಚಿ ಅಕ್ಕಾ" ಎಂದಳು.

ನನಗೂ ಒಂದು ಜವಾಬ್ದಾರಿ ಸಿಕ್ಕಿತು. "ಈ ತುದಿ ಹಿಡ್ಕೊ. ಮಾತಾಡಬೇಡ." ಎರಡರಲ್ಲಿ ಒಂದನ್ನು ನಾನು ಚೆನ್ನಾಗಿಯೇ ನಿಭಾಯಿಸಿದೆ. ಅತ್ತಿಗೆ ಕಾಗದದ ಪಟ್ಟಿಯೊಂದನ್ನು ನಳಿಕೆಯ ಕೆಳಗೆ ತೂರಿಸಿ ಹಿಂದಕ್ಕೆ ಜಾರಿಸಿದರು. ನಳಿಕೆ ತನ್ನ ಕೆಳಗಿನ ಮರವನ್ನು ಮುಟ್ಟಬಾರದಂತೆ. ಕಾಗದ ಸರಾಗವಾಗಿ ಓಡಬೇಕಂತೆ. ಅದು ಗೇಣುದ್ದ ಹೋಗಿ ಎಡಬದಿಯಲ್ಲಿ ಸಿಕ್ಕಿಕೊಂಡಿತು. ನಾಲ್ಕು ಗುಂಡಿಗೆ ನಳಿಕೆ ಬಿಸಿಯಾಗಿ ಹಿಗ್ಗುತ್ತದೆ, ಮರಕ್ಕೆ ಒತ್ತುತ್ತದೆ, ಮರ ಅದನ್ನು ಆಚೆಗೆ ತಳ್ಳುತ್ತದೆ. ಬಿಚ್ಚಿ ನೋಡಿದರೆ ನಳಿಕೆ ಕೂರುವ ಮರದ ಒಳಗಾಲುವೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇದ್ಯಾರ ಕೈಕೆಲಸ?"

ಸಿಸ್ಟರ್ ನಾಲಿಗೆ ಕಚ್ಚಿಕೊಂಡಳು. "ನಮ್ಮೆಜಮಾನ್ರು. ಪಟ್ಟಿಯಲ್ಲಿ ಹೆಸರು ಬಂತು ಅಂತ ಖುಷಿಗೆ ಮರ ಬಿಚ್ಚಿ ಪಾಲಿಶ್ ಮಾಡಿಕೊಟ್ರು."

ಯಜಮಾನರು ಬಡಗಿ, ಅದೂ ಕುರ್ಚಿಯ ಕೆಳಗಡೆಗೂ ಪಾಲಿಶ್ ಹೊಡೆಯುವ ಬಡಗಿ. ಯಾರೂ ನೋಡದ ಕಾಲುವೆಗೂ ಅಂಚಿಗೆ ಅಂಚು ಕೂಡುವಂತೆ ಮೂರು ಪದರ ವಾರ್ನಿಶ್ ಬಳಿದಿದ್ದರು.

ಅತ್ತಿಗೆ ದುಂಡನೆ ಕೋಲಿಗೆ ಉಪ್ಪುಕಾಗದ ಸುತ್ತಿ ಉಜ್ಜಲು ಕೂತರು. ನಾಲ್ಕು ಸಲ ಎಳೆಯುವುದು, ಬಟ್ಟೆಯಲ್ಲಿ ಒರೆಸುವುದು, ಬೆರಳಾಡಿಸಿ ನೋಡುವುದು. ಹೆಚ್ಚು ಉಜ್ಜಿದರೆ ಮರ ಹೋಯಿತು, ಕಡಿಮೆಯಾದರೆ ಸಿಸ್ಟರ್ ಹೋದಳು. ನಾನು ತಂದ ಡಬ್ಬಿ ಮೇಜಿನ ಮೇಲೆ ತಣ್ಣಗಾಯಿತು. ಕೊನೆಗೆ ಒಂದು ಹನಿ ಎಣ್ಣೆ ಸವರಿ, ಎರಡೂ ಸ್ಕ್ರೂಗಳನ್ನು ಒಂದೇ ಅಳತೆಗೆ ಬಿಗಿದು, ಕಾಗದ ತೂರಿಸಿದರು. ಈ ತುದಿಯಿಂದ ಆ ತುದಿಗೆ ಸುಯ್ಯನೆ ಓಡಿತು.

ಮರುದಿನ ಬೆಳಿಗ್ಗೆ ನಾನು ಡಬ್ಬಿಯ ನೆಪವೂ ಇಲ್ಲದೆ ಹೋದೆ. ಕೋಚ್ ಗುರಿಹಲಗೆ ನೋಡುವ ದುರ್ಬೀನಿನ ಹಿಂದೆ ಕೂತಿದ್ದರು. ಅವರ ಪಕ್ಕದಲ್ಲಿ ಬಡಗಿ, ಬೆರಳ ಸಂದಿನಲ್ಲಿ ಇನ್ನೂ ವಾರ್ನಿಶ್. ನಾಲ್ಕು ಗುಂಡು ನಡುವೆ ಬಿದ್ದವು. ಅದರಲ್ಲಿ ಹೊಸದೇನೂ ಇಲ್ಲ. ಐದನೆಯದಕ್ಕೆ ಯಾರೂ ಕೆಮ್ಮಲಿಲ್ಲ.

"ಹತ್ತು" ಎಂದರು ಕೋಚ್. ಆರನೆಯದಕ್ಕೂ ಹತ್ತು. ಏಳನೆಯದು ಒಂಬತ್ತಕ್ಕೆ ಹೋಯಿತು, ಆದರೆ ಎಡಕ್ಕೆ. ಅದು ಸಿಸ್ಟರದ್ದೇ ತಪ್ಪು, ರೈಫಲ್ಲಿನದಲ್ಲ. ಎಂಟನೆಯದಕ್ಕೂ ಒಂಬತ್ತೇ. ಹತ್ತನೆಯದು ಮುಗಿದಾಗ ನೂರಕ್ಕೆ ತೊಂಬತ್ತೆಂಟು. ಕೋಚ್ ಎದ್ದು ಬಂದು ಅತ್ತಿಗೆಯ ಎದುರು ತಲೆಬಾಗಿ ಕೈ ಜೋಡಿಸಿದರು. ನಾನು ಪಕ್ಕದಲ್ಲಿದ್ದ ನಿವೃತ್ತ ಮೇಷ್ಟರಿಗೆ, "ನಮ್ಮತ್ತಿಗೆ ಸಾರ್" ಎಂದೆ. "ಗೊತ್ತು ಕಣಪ್ಪಾ, ಇದು ಮೂರನೇ ಸಲ ಹೇಳ್ತಿರೋದು" ಎಂದರು ಅವರು.

ಎಲ್ಲರೂ ಸಿಸ್ಟರನ್ನು ಸುತ್ತುವರಿದಾಗ ಬಡಗಿ ಮೆಲ್ಲಗೆ ಅತ್ತಿಗೆಯ ಹತ್ತಿರ ಬಂದರು. ಮುಖ ಸಣ್ಣದಾಗಿತ್ತು.

"ಅಕ್ಕಾ, ಹಾಗಾದ್ರೆ ನಾನು ಹಚ್ಚಿದ ವಾರ್ನಿಶ್ ಚೆನ್ನಾಗಿರಲಿಲ್ವಾ?"

"ತುಂಬಾ ಚೆನ್ನಾಗಿತ್ತು. ಅದಕ್ಕೇ ತೆಗೆಯೋಕೆ ಮೂರು ಗಂಟೆ ಹಿಡೀತು."