ಹುಸೇನಸಾಬರು ಹೇಳಿ ಕಳಿಸಿದ ಮಾತು

ಹುಸೇನಸಾಬರು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಅರಳೆ ಮಿಲ್ಲಿನ ನೀರಿನ ಟಾಕಿ ಬಿದ್ದಾಗ, ಅದರ ನಕ್ಷೆಯಂತೆ ಕಟ್ಟಲು ಬರುವುದಿಲ್ಲವೆಂದು ತಾನು ಇಂಜಿನಿಯರರಿಗೆ ಮೊದಲೇ ಹೇಳಿ ಕಳಿಸಿದ್ದಾಗಿ ಅವರು ಹೇಳಿದರು. ಯಾರೂ ನಂಬಲಿಲ್ಲ. ಅವರು ಹೇಳಿ ಕಳಿಸಿದ್ದು ನನ್ನ ಕೈಯಲ್ಲಿ. ನಾನು ಆ ಮಾತನ್ನು ಮುಟ್ಟಿಸಲಿಲ್ಲ. ಮುಟ್ಟಿಸಿದೆನೆಂದು ಬಂದು ಹೇಳಿದೆ.

ಪತ್ರಿಕೆಯಲ್ಲಿ ದುಡಿದವನಿಗೆ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುವ ರೂಢಿ. ಆದರೂ ಈ ನಾಲ್ಕು ಸಾಲು ಬರೆಯಲು ನನಗೆ ಹದಿನೈದು ವರ್ಷ ಬೇಕಾಯಿತು.

ಹುಸೇನಸಾಬರದು ಹುಬ್ಬಳ್ಳಿಯಲ್ಲಿ ಕಬ್ಬಿಣದ ಕಾರಖಾನೆ. ಮಿಲ್ಲುಗಳ ಛಾವಣಿ, ದೊಡ್ಡ ಗೇಟು, ಟಾಕಿ — ಎಲ್ಲ ಅವರಲ್ಲೇ ಆಗುತ್ತಿತ್ತು. ಮಾತಿನಲ್ಲಿ ಜೋರು, ತನ್ನಷ್ಟು ಚೊಕ್ಕ ಕೆಲಸ ಮಾಡುವವನು ಪುಣೆಯವರೆಗೂ ಇಲ್ಲವೆಂದು ತಾನೇ ಹೇಳಿಕೊಳ್ಳುತ್ತಿದ್ದರು. ನಮ್ಮ ಪತ್ರಿಕೆಯ ಅಚ್ಚಿನ ಯಂತ್ರ ಕೆಟ್ಟಾಗಲೆಲ್ಲ ಬರುತ್ತಿದ್ದರು, ಹಾಗೆ ಸ್ನೇಹ. ಮಿಲ್ಲಿನ ಹೊಸ ಟಾಕಿಯನ್ನು ಹೊರುವ ಕಬ್ಬಿಣದ ಕಾಲುಗಳ ಕೆಲಸ ಅವರಿಗೆ ಬಂದಿತ್ತು. ನಕ್ಷೆ ಧಾರವಾಡದ ಇಂಜಿನಿಯರ್ ವಾಮನರಾಯರದು. ಅದೇ ವಾಮನರಾಯರಿಗೆ ನನ್ನ ತಂಗಿಯನ್ನು ಕೊಡುವ ಮಾತು ನಡೆದಿತ್ತು.

ಒಂದು ದಿನ ಹುಸೇನಸಾಬರು ನನ್ನನ್ನು ಕರೆದು ನಕ್ಷೆ ತೋರಿಸಿದರು. ಒಂದೊಂದು ಕಾಲೂ ನಾಲ್ಕು ಕಡೆ ದಪ್ಪ ತಗಡು ಕೂಡಿಸಿದ ಉದ್ದನೆಯ ಪೆಟ್ಟಿಗೆ. ತಗಡು ಜೋಡಿಸುವುದು ರಿವೆಟ್ಟಿನಿಂದ — ಕೆಂಪಗೆ ಕಾಯಿಸಿದ ಮೊಳೆಯನ್ನು ತೂತಿನಲ್ಲಿಟ್ಟು, ಒಬ್ಬ ಒಳಗಿನಿಂದ ಭಾರವಾದ ಕಬ್ಬಿಣ ಒತ್ತಿ ಹಿಡಿಯಬೇಕು, ಇನ್ನೊಬ್ಬ ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯಬೇಕು. ಮೂರು ಕಡೆ ಆಗುತ್ತದೆ. ನಾಲ್ಕನೆಯದನ್ನು ಮುಚ್ಚಿದ ಮೇಲೆ ಒಳಗೆ ಕೈ ಹೋಗುವುದಿಲ್ಲ.

“ಒಳಗ ಹಿಡಿಯೋರು ಯಾರ್ರಿ? ನಮ್ಮ ಕಾರಖಾನ್ಯಾಗ ಜಿನ್ನ್ ಯಾವೂ ಪಗಾರಕ್ಕಿಲ್ಲ” ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು — ನಾಲ್ಕನೆಯ ಕಡೆ ಇಡೀ ತಗಡಿನ ಬದಲು ಪಟ್ಟಿಗಳನ್ನು ಅಡ್ಡಡ್ಡ ಕೂಡಿಸಿದರೆ ಸಂದಿಯಲ್ಲಿ ಕೈ ಆಡುತ್ತದೆ, ಗಟ್ಟಿಯೂ ಇರುತ್ತದೆ. ತಾನೇ ಹೋಗಿ ಹೇಳಿದರೆ ಕೆಲಸಗಳ್ಳತನವೆಂದಾರು. “ನೀವು ಹೇಳ್ರಿ. ಮನಿ ಮಾತು ಆಕ್ಕೈತಿ.”

ಆ ಭಾನುವಾರ ಧಾರವಾಡಕ್ಕೆ ಹೋದೆ. ವಾಮನರಾಯರ ತಾಯಿ ಅಂದೇ ಸಂಬಂಧಕ್ಕೆ ಒಪ್ಪಿಗೆ ಕೊಟ್ಟರು. ತಂಗಿಗೆ ಹಿಂದೆ ಕೂಡಿಬಂದ ಮಾತುಗಳು ಕೊನೆಯ ಹೊತ್ತಿಗೆ ಮುರಿದಿದ್ದವು. ಅವಳು ಕನ್ನಡಿ ನೋಡುವುದನ್ನೂ ಬಿಟ್ಟಿದ್ದಳು. ಒಪ್ಪಿಗೆಯ ಪೇಢೆ ಬಾಯಲ್ಲಿರುವಾಗಲೇ ವಾಮನರಾಯರು ಅದೇ ನಕ್ಷೆಯನ್ನು ಮೇಜಿನ ಮೇಲೆ ಹರವಿ ತೋರಿಸಿದರು. ಪೆಟ್ಟಿಗೆಯಂಥ ಕಾಲು ತಮ್ಮದೇ ವಿಚಾರವೆಂದರು; ಅವರಿಗೆ ಅದರ ಮೇಲೆ ಬಹಳ ಪ್ರೀತಿ ಇತ್ತು. ಹೆಣ್ಣಿನ ಕಡೆಯವನು ನಾನು. ವರನ ಕೆಲಸದಲ್ಲಿ, ಅದೂ ಒಪ್ಪಿಗೆಯ ದಿನ, ಕುಂದು ಎತ್ತುವುದು ನಮ್ಮಲ್ಲಿ ಇಲ್ಲ. ಮಾತು ನಾಲಿಗೆಯ ತುದಿಯವರೆಗೆ ಬಂತು. “ಭಾಳ ಛಂದ ಅದ” ಎಂದೆ.

ಮರಳಿ ಬಂದಾಗ ಹುಸೇನಸಾಬರು ಬಾಗಿಲಲ್ಲೇ ಇದ್ದರು. ಆಗಲೂ ಸಮಯವಿತ್ತು. ಇನ್ನೂ ಕೇಳಿಲ್ಲ, ಮುಂದಿನ ವಾರ ಕೇಳುತ್ತೇನೆ ಎನ್ನಬಹುದಿತ್ತು. ನಾನು ಹೇಳಿದ್ದು ಇದು: “ಕೇಳಿದೆ. ನಕಾಶಿ ಇದ್ದಂಗನ ಮಾಡ್ಬೇಕಂತ.”

ಅವರು ಮಾಡಿದರು. ನಾಲ್ಕನೆಯ ತಗಡಿಗೆ ಹೊರಗಿನಿಂದ ತಿರುಪುಮೊಳೆ ಬಿಗಿದರು; ಅದು ರಿವೆಟ್ಟಿನಷ್ಟು ಗಟ್ಟಿಯಲ್ಲ, ಆದರೆ ಬೇರೆ ದಾರಿ ಇರಲಿಲ್ಲ. ಟಾಕಿಗೆ ಮೊದಲ ಸಲ ನೀರು ತುಂಬಿದ ದಿನ ಒಂದು ಕಾಲಿನ ತಗಡು ಬಾಯಿಬಿಟ್ಟಿತು, ಕಾಲು ಮಡಚಿಕೊಂಡಿತು, ಟಾಕಿ ಅಂಗಳಕ್ಕೆ ಉರುಳಿತು. ಅದರ ನೆರಳಲ್ಲಿ ಬುತ್ತಿ ಉಣ್ಣುತ್ತಿದ್ದ ಹೆಂಗಸರು ಆಗಷ್ಟೇ ಎದ್ದು ಹೋಗಿದ್ದರಂತೆ. ಜೀವಹಾನಿ ಆಗಲಿಲ್ಲ.

ಮಿಲ್ಲಿನ ಕಚೇರಿಯಲ್ಲಿ ವಿಚಾರಣೆ ನಡೆಯಿತು. ನಾನು ಪತ್ರಿಕೆಯ ಪರವಾಗಿ ಮೂಲೆಯಲ್ಲಿ ಪೆನ್ಸಿಲ್ ಹಿಡಿದು ಕುಳಿತಿದ್ದೆ. ರಿವೆಟ್ಟು ಇರಬೇಕಾದಲ್ಲಿ ತಿರುಪುಮೊಳೆ ಏಕೆ ಎಂದು ವಾಮನರಾಯರು ಕೇಳಿದರು. ಆಗ ಹುಸೇನಸಾಬರು ಹೇಳಿ ಕಳಿಸಿದ್ದ ಮಾತು ತೆಗೆದರು.

“ನನಗ ಯಾರೂ ಹೇಳಿಲ್ಲ” ಎಂದರು ವಾಮನರಾಯರು. “ಹೇಳಿದ್ರ ಕೂತಲ್ಲೇ ಬದಲಿ ಮಾಡಿ ಕೊಡ್ತಿದ್ದೆ.” ಅದು ನಿಜ. ಅವರು ಅಂಥವರೇ ಆಗಿದ್ದರು — ಇದನ್ನು ನಾನು ಅವರೊಡನೆ ನೆಂಟಸ್ತಿಕೆ ಮಾಡಿದ ಮೇಲೆ ತಿಳಿದೆ.

ಯಾರ ಕೈಯಲ್ಲಿ ಹೇಳಿ ಕಳಿಸಿದಿರಿ ಎಂದು ಮ್ಯಾನೇಜರು ಕೇಳಿದರು.

ಹುಸೇನಸಾಬರು ನನ್ನ ಕಡೆ ನೋಡಲೇ ಇಲ್ಲ. “ಹೆಸರು ಹೇಳಂಗಿಲ್ರಿ. ಅವರ ಮನ್ಯಾಗ ಮದುವಿ ಐತಿ.”

ಅವರು ತಿಳಿದದ್ದು ಬೇರೆ. ನಾನು ಮಾತು ಮುಟ್ಟಿಸಿದ್ದೇನೆ, ಇಂಜಿನಿಯರು ಈಗ ಅಲ್ಲಗಳೆಯುತ್ತಿದ್ದಾರೆ — ಸಾಕ್ಷಿಗೆ ನನ್ನನ್ನು ಎಳೆದರೆ ತಂಗಿಯ ಮದುವೆ ಮುರಿಯುತ್ತದೆ. ಅದಕ್ಕೆ ತಮ್ಮ ಬಾಯಿ ಮುಚ್ಚಿಕೊಂಡರು. ಎದ್ದು ನಿಲ್ಲಬೇಕಿತ್ತು ನಾನು. ನಿಲ್ಲಲಿಲ್ಲ. ಪೆನ್ಸಿಲ್ ಓಡುತ್ತಿತ್ತು.

‘ಇಂಜಿನಿಯರರಿಗೆ ಮೊದಲೇ ಹೇಳಿ ಕಳಿಸಿದ್ದಾಗಿ ಗುತ್ತಿಗೆದಾರರು ಹೇಳಿದರು, ಯಾರ ಮೂಲಕವೆಂದು ತಿಳಿಸಲು ನಿರಾಕರಿಸಿದರು’ — ಮರುದಿನದ ವರದಿ. ಅದರಲ್ಲಿ ಒಂದು ಶಬ್ದವೂ ತಪ್ಪಿಲ್ಲ. ಓದಿದವರೆಲ್ಲ ಹುಸೇನಸಾಬರನ್ನು ಸುಳ್ಳುಗಾರರೆಂದರು.

ಮಿಲ್ಲುಗಳವರು ಅವರನ್ನು ಬಿಟ್ಟರು. ಛಾವಣಿ ಕಟ್ಟಿದ ಹುಸೇನಸಾಬರು ಬಕೀಟಿಗೆ ತಳ ಹಾಕಿದರು, ಚಕ್ಕಡಿಯ ಗಾಲಿಗೆ ಪಟ್ಟಿ ಹೊಡೆದರು. ದಾರಿಯಲ್ಲಿ ಸಿಕ್ಕರೆ ತಂಗಿ ಹೇಗಿದ್ದಾಳೆಂದು ಕೇಳುತ್ತಿದ್ದರು. ಸುಖವಾಗಿದ್ದಳು. ಹಾಗೆಂದು ಹೇಳುತ್ತಿದ್ದೆ. ಕೊನೆಕೊನೆಗೆ ಆ ಓಣಿ ಬಿಟ್ಟು ಸುತ್ತಿ ಹೋಗುವುದನ್ನು ಕಲಿತೆ. ಅವರು ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ.

ಹೋದ ವರ್ಷ ವಾಮನರಾಯರೂ ಹೋದರು. ಕಾಯ್ದದ್ದು ಅದಕ್ಕೇ ಎಂದರೆ ಅಲ್ಲವೆನ್ನಲಾರೆ. ತಂಗಿಗೆ ಇನ್ನೂ ಹೇಳಿಲ್ಲ. ಅವಳು ಇದನ್ನು ಈ ಬರಹದಲ್ಲಿಯೇ ಓದುತ್ತಾಳೆ.

ಮೊನ್ನೆ ಹುಸೇನಸಾಬರ ಮಗನನ್ನು ಹುಡುಕಿಕೊಂಡು ಹೋದೆ. ಬೈರಿದೇವರಕೊಪ್ಪದ ಹಾದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಗುರುತು ಹಿಡಿದು ಕುರ್ಚಿ ಒರೆಸಿ ಕೂಡಿಸಿದ. “ಅಪ್ಪ ನಿಮ್ಮ ಹೆಸರು ತೆಗೀತಿದ್ದರ್ರಿ ಕಾಕಾ. ಹೇಳಿದ ಮಾತು ಮುಟ್ಟಿಸಿದಾವ್ರು ನೀವೊಬ್ಬರ ಅಂತ. ಆ ಇಂಜಿನಿಯರನ್ನ ಮಾತ್ರ ಸಾಯೂತನಕಾ ಬೈದ್ರು.”

ಹೇಳಿದೆ. ಮೊದಲಿನಿಂದ, ಪೇಢೆಯನ್ನೂ ಬಿಡದೆ.

ಅವನು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. ಬೈಯುತ್ತಾನೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಒಂದೇ ಮಾತು ಕೇಳಿದ.

“ನೀವು ಹೇಳಿದ್ರ ಆ ಸಾಹೇಬ್ರು ಹೂಂ ಅಂತಿದ್ರೇನ್ರಿ?”

“ಅಂತಿದ್ರು” ಎಂದೆ.

ಅವನು ಟ್ಯೂಬನ್ನು ಮತ್ತೆ ಕೈಗೆತ್ತಿಕೊಂಡ. ಹೋಗಿರೆಂದು ಹೇಳಲಿಲ್ಲ. ನಾನು ಕುಳಿತೇ ಇದ್ದೆ.