ಒಂದೇ ಹೆಸರು ಹೇಳಜ್ಜಿ

ಹಿಂದೂಪುರದ ಬಸ್ ನಿಲ್ದಾಣದ ಎದುರು ಮುದ್ದೆ ಮಾರುತ್ತಿದ್ದ ಅಜ್ಜಿ, ಗಿರಾಕಿಯ ಮೊದಲ ಮಾತು ಕೇಳಿಸಿಕೊಂಡೇ ಬಾಯಿ ತೆರೆಯುತ್ತಿದ್ದರು. ಕನ್ನಡದವರಿಗೆ "ಮುದ್ದೆ ಹಾಕ್ಲಾ?", ತೆಲುಗಿನವರಿಗೆ "ಸಂಗಟಿ ವೇಯಾಲ್ನಾ?" ಪಾತ್ರೆ ಒಂದೇ. ಹಬೆಯಾಡುವ ಉಂಡೆ ಬಡಿಸಿದ ಮೇಲೆ ಎಲ್ಲರಿಗೂ, "ಆರಿಸ್ಬೇಡ ಕಣಪ್ಪ, ನುಂಗು."

ಯಾವ ಊಟ ಯಾವ ರಾಜ್ಯದ ಅಧಿಕೃತ ಆಹಾರವಾಗಬೇಕೆಂಬ ಜಗಳ ಫೋನುಗಳಲ್ಲಿ ಹಬ್ಬಿದ್ದ ದಿನಗಳವು. ಒಂದು ಮಧ್ಯಾಹ್ನ ಕಲ್ಯಾಣದುರ್ಗದ ಬಸ್ಸಿಳಿದ ಮೂವರು ಅಜ್ಜಿಯ ಮುಖಕ್ಕೇ ಫೋನು ಹಿಡಿದರು.

"ಇದು ಸಂಗಟಿನಾ, ಮುದ್ದೇನಾ? ಒಂದೇ ಹೆಸ್ರು ಹೇಳಜ್ಜಿ, ಕರೆಕ್ಟಾಗಿ ಚೆಪ್ಪು. ತಪ್ಪು ಹೇಳಿದ್ರೆ ಒಲೆ ಎತ್ತಿ ಎಸಿತೀವಿ."

ಅವರ ಮಾತಿನಲ್ಲಿ ಎರಡೂ ಭಾಷೆ ಬೆರೆತಿದ್ದವು. ಅಜ್ಜಿಗೆ ಯಾವುದು ತಪ್ಪೆಂದು ತಿಳಿಯಲಿಲ್ಲ. ಬೆಂಚಿನಲ್ಲಿ ಉಣ್ಣುತ್ತಿದ್ದ ನಾವು ಯಾರೂ ತಲೆಯೆತ್ತಲಿಲ್ಲ. ಅಜ್ಜಿಯ ಒದ್ದೆ ಅಂಗೈಯಲ್ಲಿ ತಿರುಗುತ್ತಿದ್ದ ಉಂಡೆ ನಿಂತುಹೋಯಿತು.

"ಆರಿಸ್ಬೇಡ ಕಣಪ್ಪ, ನುಂಗು" ಎಂದರು.

ಒಬ್ಬ ನಕ್ಕ. "ನಾಳೆ ಬತ್ತೀವಿ, ಯೋಚ್ನೆ ಮಾಡಿಟ್ಟಿರು" ಎಂದು ಹೊರಟರು.

ಮರುದಿನ ಆ ಮೂವರು ಬರಲಿಲ್ಲ. ನಾನು ಎಂದಿನಂತೆ ಕುಳಿತು, "ಅಜ್ಜಿ, ಒಂದು ಮುದ್ದೆ" ಎಂದೆ.

ಅಜ್ಜಿ ಬೆಚ್ಚಿ ಬೀದಿಯ ಎರಡೂ ಕಡೆ ನೋಡಿದರು.

"ಹೆಸ್ರು ಯಾಕಪ್ಪಾ? ಎಷ್ಟು ಅಂತ ಬೆರಳು ತೋರ್ಸು, ಸಾಕು."