ಅಕ್ಕನ ಚೊಂಬು

ನಮ್ಮಕ್ಕನಂಥ ಹಟಮಾರಿಯನ್ನು ಇಡೀ ಹಿಂದೂಪುರದಲ್ಲಿ ನಾನು ಕಂಡಿಲ್ಲ. ಅವಳ ಮೇಲೆ ಇರುವಷ್ಟು ಅಭಿಮಾನವೂ ನನಗೆ ಇನ್ನಾರ ಮೇಲೂ ಇಲ್ಲ. ಮಗ್ಗದ ಮುಂದೆ ಕೂತರೂ, ಬಸ್ಸು ಹತ್ತಿದರೂ, ಮದುವೆಗೆ ಹೋದರೂ ಪಕ್ಕದಲ್ಲಿ ಒಂದು ಸ್ಟೀಲ್ ಚೊಂಬು ಇದ್ದೇ ಇರಬೇಕು. ನೀರಿನ ಬಾಟ್ಲಿ ಕೊಳ್ಳುವುದಿಲ್ಲ, ಯಾರಾದರೂ ಕೊಟ್ಟರೂ ಮುಟ್ಟುವುದಿಲ್ಲ. “ಎರಡು ಗುಟುಕು ನೀರಿಗೆ ಒಂದು ಬಾಟ್ಲಾ? ನೀರು ಹೊಟ್ಟೆಗೋಯ್ತದೆ, ಬಾಟ್ಲಿ ಕೆರೆಗೋಯ್ತದೆ” ಎನ್ನುತ್ತಾಳೆ.

ಮಾತೇನೋ ಸರಿಯೇ. ಆದರೆ ನಮ್ಮ ಕಡೆ ಚೊಂಬು ಹಿಡಿದು ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಬೇಲಿ ಮರೆಗೆ ಎಂದು ಎಲ್ಲರಿಗೂ ಗೊತ್ತು. ಈಗ ಮನೆಮನೆಗೂ ಪಾಯಿಖಾನೆ ಬಂದಿದೆ, ಆ ನಗು ಮಾತ್ರ ಹೋಗಿಲ್ಲ.

ಹೋದ ವರ್ಷ ಅವಳ ಮಗಳಿಗೆ ಕಲ್ಯಾಣದುರ್ಗದ ಸಂಬಂಧ ಕುದುರುವ ಹಾಗಿತ್ತು. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಇನ್ನು ನಾವು ಹೋಗಿ ಮನೆ ನೋಡಿ ಬಂದರೆ ಮಾತು ಮುಗಿದಂತೆ. ಹೊರಡುವಾಗ ಬೇಡಿಕೊಂಡೆ: “ಇವತ್ತೊಂದಿನ ಚೊಂಬು ಮನೇಲಿಡಕ್ಕ. ಕೂಸಿನ ಬಾಳು.”

“ಅದಕ್ಕೇ ತಗಂಡು ಬತ್ತೀನಿ. ನಾವೆಂಥೋರು ಅಂತ ಅವ್ರಿಗೂ ಗೊತ್ತಾಗ್ಲಿ.”

ಅವರ ಮನೆಯಲ್ಲಿ ಉಪಚಾರ ಜೋರಾಗಿತ್ತು. ಕೂತ ಕೂಡಲೇ ಒಬ್ಬೊಬ್ಬರ ಕೈಗೂ ತಣ್ಣನೆಯ ಪುಟ್ಟ ಬಾಟ್ಲಿ. ಅಕ್ಕ ತನ್ನದನ್ನು ತಟ್ಟೆಯಲ್ಲೇ ಬಿಟ್ಟು ಚೀಲದಿಂದ ಚೊಂಬು ತೆಗೆದಳು. ಹುಡುಗನ ದೊಡ್ಡಪ್ಪ ಮೀಸೆಯಲ್ಲೇ ನಕ್ಕು, “ಏಮ್ಮಾ, ಚೆಂಬು ಎತ್ಕೊನಿ ಯಾಡಿಕಿ?” ಎಂದರು. ಚೊಂಬು ಎತ್ತಿಕೊಂಡು ಎಲ್ಲಿಗಮ್ಮ ಅಂತ. ಕೂತವರೆಲ್ಲ ಗೊಳ್ಳೆಂದರು. ಹುಡುಗ ತಲೆ ತಗ್ಗಿಸಿದ. ಕೂಡಿ ಬಂದ ಸಂಬಂಧ ನೀರುಪಾಲಾಯಿತು ಎಂದುಕೊಂಡೆ. ಅಕ್ಕನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಅವಳು ಮುಖ ಕೂಡ ಸಣ್ಣದು ಮಾಡಿಕೊಳ್ಳಲಿಲ್ಲ. “ಅಡಿಗೆ ಮನೇಗೆ ಕಣಣ್ಣ, ಮಡಕೆ ನೀರು ಸಿಕ್ತದಾ ನೋಡ್ತೀನಿ” ಎಂದು ಎದ್ದು ಒಳಗೆ ನಡೆದೇಬಿಟ್ಟಳು. ಎಂಥ ಎದೆಗಾರಿಕೆ ಇವಳದು! ನಾನೂ ಹಿಂದೆಯೇ ಹೋದೆ.

ಒಳಗೆ ಹುಡುಗನ ತಾಯಿ ನಿಂತಿದ್ದರು. ಅವರು ನಗಲಿಲ್ಲ. ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಡಕೆ ಇತ್ತು. ಚೊಂಬು ಇಸಿದುಕೊಂಡು ತುಂಬಿಸಿ ಕೊಟ್ಟರು. ಅಕ್ಕ ಎತ್ತಿ ಕುಡಿದು, “ಎಷ್ಟು ತಂಪಾಗದೆ” ಎಂದಳು.

“ಫಿಲ್ಟರ್ ನೀರೇ ಕಣಮ್ಮ, ದಿನಾ ತುಂಬಿಡ್ತೀನಿ,” ಎಂದರು ಆಕೆ. “ಈ ಮನೇಲಿ ನಾನೊಬ್ಳೇ ಕುಡಿಯೋದು. ಮಿಕ್ಕೋರಿಗೆಲ್ಲ ಬಾಟ್ಲಿನೇ ಆಗ್ಬೇಕು.” ಮಡಕೆಯ ಬಾಯಿ ಮುಚ್ಚುತ್ತಾ ಕೇಳಿದರು: “ನಿಮ್ಮ ಹುಡ್ಗಿ ಕುಡೀತಾಳಾ?”

“ಅವ್ಳಿಗೆ ಬೇರೆ ಅಭ್ಯಾಸನೇ ಇಲ್ಲ,” ಎಂದಳು ಅಕ್ಕ.

ಆಕೆ ಮತ್ತೆ ಮಡಕೆಯ ಮುಚ್ಚಳ ತೆಗೆದರು. “ಚೊಂಬು ಇತ್ತ ಕೊಡಿ ಬೀಗಿತ್ತಿ, ಇನ್ನೊಂದಿಷ್ಟು ಹಾಕ್ತೀನಿ.”